ಬಿಲ್ಲೆ ೧೧೪೭

ಎರಡನೇ ಪಾಳಿ ಮೇಲೆ ಬಂದು ಅರ್ಧ ತಾಸಾಯಿತು.
ಹಟ್ಟಿ ಗಣಿಯ ದೀಪದ ಕೋಣೆಯಲ್ಲಿ
ತಲೆದೀಪಗಳೆಲ್ಲ ಸಾಲಾಗಿ ಚಾರ್ಜಿಗೆ ನೇತುಬಿದ್ದಿವೆ,
ಒಂದು ಮೊಳೆ ಖಾಲಿ.
ಹನ್ನೊಂದು ನಲವತ್ತೇಳು. ಹುಸೇನಪ್ಪ.

ಖಾಲಿ ಮೊಳೆ ಕಂಡರೆ ನನ್ನ ಹೊಟ್ಟೆಯೊಳಗೆ
ಕೇಜು ಸರ್ರನೆ ಇಳಿಯುತ್ತದೆ.
ರಿಜಿಸ್ಟರಿನಲ್ಲಿ ಮೇಲೆ ಬಂದ ಗುರುತಿದೆ.
ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಬೂದು ಮಣ್ಣಿನ ದಿಬ್ಬದಾಚೆ, ಶಾಫ್ಟಿನ ಬೆಳಕು ತಾಕದಲ್ಲಿ
ತಲೆದೀಪ ಆರಿಸಿ ನಿಂತಿದ್ದಾನೆ, ಉತ್ತರಕ್ಕೆ ಮುಖ.
"ತಡಿ. ನೋಡಿದ್ರ ಹೋಗ್ತೈತಿ,
ನೋಡ್ಲಿಲ್ಲಂದ್ರ ಬರ್ತೈತಿ."

ಸಪ್ತರ್ಷಿಯ ಬಾಲದ ಕೆಳಗೆ, ಅವನ ಬೆರಳು ನಿಂತಲ್ಲಿ
ನನಗೆ ಬರೀ ಕತ್ತಲೆ. ನನ್ನದು ಬಲ್ಬಿನ ಕೆಳಗಿನ ಕಣ್ಣು.
ಅವನದು ಎಂಟು ತಾಸು ಎರಡು ಸಾವಿರ ಅಡಿ ಆಳದಲ್ಲಿ ನೆನೆದದ್ದು.
"ಕೆಳಗೂ ಹಂಗ. ದೂರದ ದೀಪ ಕಾಣಬೇಕಂದ್ರ
ಬಾಜೂ ಗ್ವಾಡಿ ನೋಡಬೇಕು."

ಕಾಲು ತಾಸು ಬಾಜೂ ಕತ್ತಲೆ ನೋಡಿದೆ.
ಕಣ್ಣಂಚಿಗೆ ಯಾರೋ ಸೂಜಿ ಚುಚ್ಚಿ ತೆಗೆದರು.
ತಿರುಗಿದೆ. ಇಲ್ಲ.

ಅಕ್ಕನ ಮಗಳು ಈರಮ್ಮ, ಲಿಂಗಸುಗೂರಿನಲ್ಲಿ ಬಿಎಸ್ಸಿ,
ಭಾನುವಾರ ಬಂದವಳು ನಕ್ಷೆ ಹರಡಿ ಹೇಳಿದಳು:
ಅದಕ್ಕೆ ಹೆಸರಿಲ್ಲ ಮಾಮಾ, ಬರೀ ನಂಬರು.
(ಅದಕ್ಕೂ ಒಂದು ಬಿಲ್ಲೆ.)
ಸೂರ್ಯನಿಗಿಂತ ತುಸು ದಪ್ಪ, ಸಾವಿರ ಡಿಗ್ರಿ ಹೆಚ್ಚು ಬಿಸಿ,
ಐದು ಸೂರ್ಯರಷ್ಟು ಬೆಳಕು. ಆ ಬೆಳಕು ಹಟ್ಟಿ ಮುಟ್ಟಲು
ನೂರಾ ಮೂವತ್ತು ವರ್ಷ.
ಹಂಗೆ ಉರಿದರೆ ಆಯುಷ್ಯ ಕಮ್ಮಿಯಲ್ಲವೇನು, ಕೇಳಿದೆ.
ಹೌದು, ಸೂರ್ಯನ ಅರ್ಧವೂ ಇಲ್ಲ, ಅಂದಳು,
ಚಾ ಊದುತ್ತ.

ಬಣ್ಣ ಹಳದಿ ಬೆರೆತ ಬಿಳಿಯಂತೆ.
ಆದರೆ ಇಷ್ಟು ಸಣ್ಣ ಬೆಳಕಿಗೆ ಕಣ್ಣು ಬಣ್ಣ ಕೊಡುವುದಿಲ್ಲ,
ಎಲ್ಲಾ ಬೂದಿ.
ಮುಂದಿನ ವಾರ ಕಾಲೇಜಿನ ದುರ್ಬೀನು ತಂದಳು.
ಹುಸೇನಪ್ಪನ ಕೈ ನಡುಗಿ ಚಿಕ್ಕೆ ಗೀಟಾಯಿತು.
ದಿಬ್ಬಕ್ಕೆ ಮೊಣಕೈ ಊರಿ ಉಸಿರು ಹಿಡಿದ.
ಮೂವತ್ತೊಂದು ವರ್ಷ ಕಲ್ಲುಧೂಳು ಕುಡಿದ ಎದೆ,
ಬಹಳ ಹೊತ್ತು ಹಿಡಿಯಲೊಲ್ಲದು.
ಕೆಮ್ಮು ಬರುವ ಮುಂಚೆ ಒಂದು ಗಳಿಗೆ ಅದು ನಿಂತಿರಬೇಕು.
"ಬಿಳಿಜೋಳ," ಅಂದ.
ಕೆಮ್ಮಿ, ಉಗುಳಿ, ಬಾಯೊರೆಸಿಕೊಂಡು ತಿದ್ದಿದ:
"ಹೊಸಾದಲ್ಲ. ಹಗೇವಿನಾಗ ಒಂದು ವರ್ಷ ಇಟ್ಟಿದ್ದು."

ಈಗಲೂ ಎರಡನೇ ಪಾಳಿ ಬಿಟ್ಟ ಮೇಲೆ
ಆ ಮೊಳೆ ಅರ್ಧ ತಾಸು ಖಾಲಿ.
ನಾನು ನೇರ ನೋಡುವುದಿಲ್ಲ.
ಹನ್ನೊಂದು ನಲವತ್ತಾರನ್ನೇ ನೋಡುತ್ತ ಕೂಡುತ್ತೇನೆ.