ರಾತ್ರಿ ಹನ್ನೊಂದು ನಲವತ್ತೆರಡು

ಸಪ್ತಾಪುರದ ಬಾವಿ ಹತ್ರ ನನ್ನ ಝೆರಾಕ್ಸ್ ಅಂಗಡಿ.
ಅರ್ಜಿ, ಚಲನ್, ಹಾಲ್ ಟಿಕೀಟು, ಕೀ ಉತ್ತರ.
ಧಾರವಾಡದಾಗ ಪರೀಕ್ಷಾ ಬರಿಯೋ ಮಂದಿ ಇರೂತನಕ
ನನ್ನ ಪ್ರಿಂಟರಿಗೆ ಪುರಸೊತ್ತಿಲ್ಲ.

ಆಕಿ ಬಂದಾಗ ಕರೆಂಟು ಆಗಷ್ಟ ಬಂದಿತ್ತು.
ನಲವತ್ತರ ಹತ್ತಿರದಾಕಿ, ಕೈಯಾಗ ಡಬ್ಬಿ ಚೀಲ.
"ಹಳೇ ಪಟ್ಟಿ ಒಂದು ಬೇಕಾಗಿತ್ರಿ."
ಎಷ್ಟು ಹಳೇದು?
"ಹದಿಮೂರು ವರ್ಷ."
ಆಮ್ಯಾಲ, ಮಗ್ಗಿ ಒಪ್ಪಿಸಿದ್ಹಂಗ:
"ಆಗಸ್ಟ್ ಒಂಬತ್ತು. ಗುರುವಾರ. ರಾತ್ರಿ ಹನ್ನೊಂದರ ಮ್ಯಾಲಿಂದು.
ಮುಂಜಾನಿದು ಬ್ಯಾಡ. ಅದು ನನ್ನ ಹತ್ರ ಐತಿ."

ಹಳೇ ಪುಟ ಕೂಡಿಡೋ ಹಗೇವು ಒಂದೈತಿ,
ದಿನ ಹೇಳಿದ್ರ ಆ ದಿನದ್ದ ತೆಗೆದು ಕೊಡ್ತದ.
ಆದರ ಹಗೇವು ತೆರೆದ ಕೂಡ್ಲೆ ಇಳೀಬಾರದು,
ಒಳಗಿನ ಕಾವು ಹೊರಗ ಬೀಳೂತನಕ ತಡೀಬೇಕು.
ತಡದ್ವಿ.

ತಿಂಗಳು ಹರಡಿದುವು. ಎಲ್ಲಾ ಖಾಲಿ ಮನಿ,
ಒಂಬತ್ತರ ಮ್ಯಾಲೆ ಒಂದ ಒಂದು ನೀಲಿ ಬೊಟ್ಟು.
ವಿಲಾಯತಿ ವೇಳೆ ಹದಿನೆಂಟು ಹನ್ನೆರಡು.
ಐದೂವರಿ ತಾಸು ಕೂಡಿಸಿದೆ.

"ಇದನ್ನ ಯಾರು ಎತ್ತಿಟ್ಟಾರ್ರಿ?"
ಯಾರೂ ಅಲ್ಲ ಬಾಯಾರ, ಯಂತ್ರ.
ರಾತ್ರಿ ಗೂರ್ಖಾ ಕಂಬಕ್ಕ ಕೋಲು ಬಡಕೋತ ಹೋಗ್ತಾನಲ್ಲ,
ಯಾರ ಮನಿ ಅಂತ ನೋಡಂಗಿಲ್ಲ,
ಹಂಗ ಹಾದು ಹೋಗೇತಿ.

ಪುಟ ತೆರೀತು. ಮುದ್ರೆ ಇದ್ದಲ್ಲೆ ಒಂದು ಮುರುಕ ಚೌಕ,
ಹಳೇ ನುಡಿ ಅಕ್ಷರ ಒಡೆದು ಚೆಲ್ಲಾಡಿದ್ದುವು,
ಗಿರಣಿ ನೆಲದ ಮ್ಯಾಲಿನ ನುಚ್ಚು.
ಬ್ಯಾರೆ ಸಾಣಿಗ್ಯಾಗ ಹಾಕಿದೆ.
ಒತ್ತು ಬಂದು ಕೆಳಗ ಕೂತುವು,
ಕೊಂಬು ಬಂದು ಬಾಜೂಕ ನಿಂತುವು:

ಇನ್ನೂರಾ ಹನ್ನೆರಡು,
ತಳವಾರ ಫಕೀರವ್ವ ಯಲ್ಲಪ, ಶಿರಹಟ್ಟಿ ತಾಲೂಕು.

ಚೀಲ ಕೆಳಗಿಟ್ಟಳು.
"ಅವತ್ತ ಹಾಸ್ಟೆಲ್ಲಿನಾಗ ಎಲ್ಲಾರ್ನೂ ಎಬ್ಬಿಸಿದ್ನಿ.
ಡಬ್ಬ್ಯಾಗಿದ್ದ ಸಕ್ಕರಿ ಅಷ್ಟೂ ಹಂಚಿದ್ನಿ.
ಬೆಳಗಾದ್ರ ಹೆಸರ ಇಲ್ಲ.
ಖಾಲಿ ಜಾಗ ಸೈತ ಬಿಟ್ಟಿರಲಿಲ್ರಿ,
ಹದಿಮೂರನೇದಾಕಿ ಸರದು ಹನ್ನೆರಡಕ್ಕ ಕೂತಿದ್ಲು.
ನಿದ್ದಿಗಣ್ಣಾಗ ನೋಡೀದಿ ಅಂದ್ರು,
ಸಕ್ಕರಿ ಫಕೀರಿ ಅಂತ ಕರದ್ರು.
ಬರಬರತ ನನಗೂ ಹಂಗ ಅನಸಾಕ ಹತ್ತಿತ್ತು."

ಕೇಸು ಹಾಕ್ತೀರೇನು, ಅಂದೆ.
"ಏ ಬಿಡ್ರಿ, ವಯಸ್ಸ ದಾಟೇತಿ. ಮೆಸ್ ನಡಸ್ತೀನಿ.
ಪಟ್ಟಿ ಬಿಟ್ಟ ದಿನ ಹುಡುಗ್ಯಾರು ಊಟಕ್ಕ ಬರಂಗಿಲ್ಲ,
ಡಬ್ಬಿ ನಾನ ಒಯ್ತೀನಿ."

ಪ್ರಿಂಟು ಬಿಸಿ ಇತ್ತು. ಐದು ರೂಪಾಯಿ ಕೊಟ್ಟಳು.
ದಾರಕ್ಕ ಕಟ್ಟಿದ ನನ್ನ ಪೆನ್ನು ಎಳಕೊಂಡಳು.
"ಅಪ್ಪನ ಹೆಸರಿನಾಗ ಒತ್ತು ಬಿಟ್ಟಾರ ನೋಡ್ರಿ.
ಅವತ್ತ ಖುಷಿಯಾಗ ಕಂಡಿಲ್ಲ ನನಗ."

ಮೊನಿ ಹಾಳಿಗೆ ಇನ್ನೇನು ತಾಗಬೇಕು,
ಟೊಪ್ಪಿಗಿ ಹಾಕಿ ಇಟ್ಟುಬಿಟ್ಟಳು.

"ಇರಲಿ.
ಅವತ್ತ ಹಿಂಗ ಇತ್ತು."