ಎರಡು ಸಲ ಬಿದ್ದ ನಂಬರು

ಡಯಾಲಿಸಿಸ್ ಮಷೀನು ತರಬೇಕಂತ ದವಾಖಾನಿ ಟ್ರಸ್ಟಿನವರು
ಹತ್ತು ಸಾವಿರ ಚೀಟಿಗೆ ಆರ್ಡರ್ ಕೊಟ್ರು.
ಗದಗಿನ್ಯಾಗ, ಬೆಟಗೇರಿ ಕಡೆ ಹೊಳ್ಳೂ ತಿರುವಿನ ಪ್ರೆಸ್ಸು,
ಮೂರು ರಾತ್ರಿ ಟಕ್ ಟಕ್.
ಚೀಟಿ ಮ್ಯಾಲ ಕರೆಂಟಿನ ಕಾರು,
ಹೊಗಿ ಇಲ್ಲ, ಸಪ್ಪಳ ಇಲ್ಲ.
ನೀಲಿ ಇಂಕು ತೀರಿ ಕಡೀ ಸಾವಿರ ಕಾರು ಹಸರಾದ್ವು.

ನಸುಕಿನ್ಯಾಗ ನಂಬರಿಂಗ್ ಮಷೀನು ತೊದಲಿತು.
6208. ಮತ್ತ 6208.
ಕೆಟ್ಟ ಚೀಟಿ ಹರದು ಒಗೀಬೇಕು, ಅದು ರೂಢಿ.
ನಾ ಒಗೀಲಿಲ್ಲ.
ಬಕ್ಕಣದಾಗ, ಬೀಡಿ ಕಟ್ಟಿನ ಬಾಜೂಕ ಇಟಗೊಂಡೆ.

ಡ್ರಾ ದಿನ ಬಿಸಲಂದ್ರ ಬಿಸಲು.
ಕಾರಿನ ಮೂತಿಗೆ ಚೆಂಡುಹೂವಿನ ಹಾರ.
ಎಣ್ಣಿ ಡಬ್ಬಿಯೊಳಗ ಮೊಣಕೈತನಕ ಕೈಹಾಕಿ
ಸಣ್ಣ ಹುಡುಗಿ ತಗದ ಚೀಟಿ
ಮೈಕಿನ್ಯಾಗ ಒದರಿತು: ಆರು, ಎರಡು, ಸೊನ್ನಿ...
ನನ್ನ ಕಾಲು ಎದ್ದು ನಿಂತಿದ್ವು,
ನಾ ಇನ್ನೂ ಕುಂತಿದ್ದೆ.

ಅಷ್ಟೊತ್ತಿಗೆ ಗಿರಮಿಟ್ ಗಾಡಿ ಖತೀಜಾಬಿ
ಉಳ್ಳಾಗಡ್ಡಿ ಕೈ ಸೆರಗಿಗೆ ಒರಸ್ಕೋತ ಸ್ಟೇಜು ಹತ್ತಿದಳು.
ಉದ್ರಿ ತೀರಸಾಕ ಯಾರೋ ಗಿರಾಕಿ ಕೊಟ್ಟ ಚೀಟಿಯಂತ.
"ಚಾರ್ಜ್ ಎಲ್ಲಿ ಮಾಡ್ತೀಬೇ?" ಅಂದ್ರು.
"ಮೊದಲ ನಮ್ಮ ಓಣ್ಯಾಗ ಹೊಕ್ಕರ ಸಾಕು" ಅಂದಳು.
ಎಲ್ಲಾರೂ ನಕ್ಕರು.
ನಾನೂ ನಕ್ಕೆ, ಬಕ್ಕಣದ ಮ್ಯಾಲ ಕೈ ಒತ್ತಿ ಹಿಡದು.

ರಾತ್ರಿ ಅಂಗಿ ಬಿಚ್ಚಿದೆ.
ಚೀಟಿ ತೊಯ್ದು ಮುದ್ದಿ ಆಗಿತ್ತು.
ಬೆವರಿಗೆ ಇಂಕು ಬಿಟ್ಟು, ಅರಬಿ ದಾಟಿ,
ಎದಿ ಮ್ಯಾಲ ಉಲ್ಟಾ ನಂಬರು.
ಮೂವತ್ತು ವರ್ಷ ಮೊಳಿ ಜೋಡಿಸಿ
ಉಲ್ಟಾನ ಓದಿದಾಂವ ನಾ,
ಕನ್ನಡಿ ಬೇಕಾಗಲಿಲ್ಲ.