ಚಿತ್ರ ಬಾರದಿದ್ದಾಗ

ಶಿಡ್ಲಘಟ್ಟದ ಗೂಡು ಮಾರ್ಕೆಟ್ಟಿನೆದುರು
ನನ್ನ ಸ್ಟುಡಿಯೋ. ಪಾಸ್‌ಪೋರ್ಟ್ ಸೈಜು ಎಂಟಕ್ಕೆ ಅರವತ್ತು,
ಹತ್ತೇ ನಿಮಿಷ, ಬಾಚಣಿಗೆಗೆ ಕಾಸಿಲ್ಲ.
ಮಿಕ್ಕ ಹೊತ್ತು ನನ್ನದು.
ಮಿಕ್ಕ ಹೊತ್ತಿನಲ್ಲಿ ಕೈಗಳನ್ನು ತೆಗೆದೆ:
ಕುದಿನೀರಲ್ಲಿ ಗೂಡಿನ ಎಳೆ ಹುಡುಕುವ ಕೈ,
ಬೆಂದು, ಬಿಳಿಚಿ,
ಒಡತಿಗಿಂತ ಇಪ್ಪತ್ತು ವರ್ಷ ಮುಂಚೆ ಮುಪ್ಪಾದ ಕೈ.

ಡಾರ್ಕ್‌ರೂಮಿನ ಕಾಲದಲ್ಲಿ ಮುಖ
ಟ್ರೇಯ ತಳದಿಂದ ಒಟ್ಟಿಗೇ ತೇಲಿಬರುತ್ತಿತ್ತು,
ಕೆರೆಯಲ್ಲಿ ಮುಳುಗಿ ಎದ್ದವರ ಹಾಗೆ.
ಬ್ರೌಸರಿನಲ್ಲಿ ಹಾಗಲ್ಲ.
ಟವರು ಸೊರಗಿದ ಸಂಜೆ
ಮೇಲಿಂದ ಕೆಳಕ್ಕೆ, ಪಟ್ಟಿ ಪಟ್ಟಿಯಾಗಿ
ಮೊದಲು ಗೋಡೆ, ಗೋಡೆಯ ಮೊಳೆ, ಆಮೇಲೆ ಹೊಗೆ,
ಕೈ ಬರುವ ಹೊತ್ತಿಗೆ ನಿಂತೇಹೋಯಿತು.

ಪಕ್ಕದ ಜೆರಾಕ್ಸ್ ಅಂಗಡಿಯ ಪರಿಮಳಾ ಹೇಳಿಕೊಟ್ಟಳು:
"ಹನ್ನೆರಡು ಎಂಬಿ ಯಾರು ಕಾಯ್ತಾರಣ್ಣ? ಇಳಿಸು."
ಇಳಿಸಿದೆ. ಬೆರಳ ಸಂದಿನ ಬೊಬ್ಬೆ ಮಾಯ.
ಏರಿಸಿದೆ. ಮತ್ತೆ ಇಳಿಸಿದೆ.
ತೂಕದವನ ಹತ್ತಿರ ಕೊಸರು ಕೇಳಿದಂತೆ
ಒಂದು ಬೊಬ್ಬೆಯನ್ನಷ್ಟೇ ಉಳಿಸಿಕೊಂಡೆ.

ಅವಳ ಫೋನಿನಲ್ಲಿ ಗೂಡು ಅರಿಶಿನ,
ನನ್ನ ಹಳೇ ಕಂಪ್ಯೂಟರಿನಲ್ಲಿ ಹಳಸಿದ ಬೆಣ್ಣೆ.
ಯಾವ ಹಳದಿ ನಿಜವೆಂದು ರಸ್ತೆ ದಾಟಿ ಹೋದೆ.
ಹರಾಜು ಮುಗಿದಿತ್ತು. ಗುಡಿಸುತ್ತಿದ್ದರು.

"ಇನ್ನೊಂದಿದೆ," ಅಂದಳು. "ಚಿತ್ರ ಬಾರದಿದ್ದರೆ
ಆ ಖಾಲಿ ಚೌಕದಲ್ಲಿ ಒಂದು ಸಾಲು ಕಾಣುತ್ತೆ.
ಕಣ್ಣಿಲ್ಲದವರಿಗೆ ಫೋನು ಅದನ್ನೇ ಓದಿ ಹೇಳುತ್ತೆ. ಬರಿ."
ಮೂವತ್ತೊಂದು ವರ್ಷ
'ಅಲ್ಲಾಡಬೇಡಿ' ಎಂಬ ಒಂದೇ ಮಾತಿನಲ್ಲಿ ಬದುಕಿದವನು ನಾನು.
ಬರೆದೆ: ಕೈ.
ಆಮೇಲೆ: ಹೆಂಗಸಿನ ಕೈ.
ಟೀ ಕುಡಿದು ಬಂದು: ಹಳದಿ ಗೂಡು, ಉಗಿ, ಹೆಂಗಸಿನ ಕೈ.

ದಸ್ತಗೀರ್ ಸಾಬರಿಗೆ ಕೇಳಿಸಿದೆ.
ನಲವತ್ತು ವರ್ಷ ಗೂಡು ಬೇಯಿಸಿದವರು,
ಸಕ್ಕರೆ ಕಾಯಿಲೆ ಕಣ್ಣು ಕೊಂಡೊಯ್ದು ಈಗ ಆರನೇ ವರ್ಷ.
ಫೋನಿನೊಳಗಿನ ಹೆಂಗಸು, ಯಾವ ಊರಿನವಳೋ,
ಉಗಿ ಅಂದಳು, ಉಗಿಯಲು ಹೇಳಿದ ಹಾಗೆ.
ಸಾಬರು ನಕ್ಕರು. ನಕ್ಕು ಸುಮ್ಮನಾದರು.
"ಹಳದಿ ನೀನೇ ಇಟ್ಕೋ. ನೀರು ಎಷ್ಟು ಬಿಸಿ ಇತ್ತು?
ಹುಳ ಬೆಂದ ವಾಸನೆ ಬಂದಿತ್ತಾ ಇಲ್ವಾ?
ಆಯಮ್ಮನಿಗೆ ಎಳೆ ಸಿಕ್ಕಿತ್ತಾ,
ಇನ್ನೂ ಹುಡುಕ್ತಾ ಇದ್ದಳಾ?"

ಗೊತ್ತಿರಲಿಲ್ಲ.
ಸೆಕೆಂಡಿನ ಅರವತ್ತನೇ ಒಂದು ಪಾಲು
ನಾನಲ್ಲಿ ಇದ್ದದ್ದು.

ಮರುದಿನ ಕ್ಯಾಮೆರಾ ಬಿಟ್ಟು ಹೋದೆ.
ಖೈರುನ್ನಿಸಾ ಬೇಸಿನ್ನಿನ ಪಕ್ಕ ಜಾಗ ಮಾಡಿದಳು.
ಬೆರಳು ಅದ್ದಿದೆ. ಎರಡು ಎಣಿಸುವಷ್ಟರಲ್ಲಿ ಕಿತ್ತುಕೊಂಡೆ.
ಅವಳು ನಗಲಿಲ್ಲ.
"ಇದು ಆರಿದ ನೀರು," ಅಂದಳು.

ಈಗ ಆ ಚೌಕದಲ್ಲಿ ಹೀಗಿದೆ:
ಆರಿದ ನೀರೇ ನನ್ನ ಬೆರಳನ್ನು ಸುಟ್ಟಿತು.
ಅವಳಿಗೆ ಎಳೆ ಸಿಕ್ಕಿದೆ. ನನಗದು ಕಾಣಲಿಲ್ಲ,
ಅವಳೂ ನೋಡುತ್ತಿರಲಿಲ್ಲ, ಕಿಟಕಿಯಾಚೆ
ಯಾರದೋ ಜೊತೆ ಮಾತಾಡುತ್ತಿದ್ದಳು,
ಬೆರಳು ತಾನೇ ಎಳೆದುಕೊಳ್ಳುತ್ತಿತ್ತು.

"ಇಷ್ಟುದ್ದ ಬರೀಬಾರದಣ್ಣ," ಅಂದಳು ಪರಿಮಳಾ.
ಸಾಬರು ಎರಡು ಸಲ ಕೇಳಿ, ಫೋನು ತಿರುಗಿ ಕೊಟ್ಟು,
"ವಾಸನೆ ಬಿಟ್ಟಿದ್ದೀಯ," ಅಂದರು.

ಗಿರಾಕಿ ಬಂದರು.
ಗಲ್ಲ ಸ್ವಲ್ಪ ಕೆಳಗೆ. ಅಲ್ಲಾಡಬೇಡಿ.